ಪ್ರಸಂಗ ನಿಲ್ಲಿಸಿ ಕೆಳಗೆ ಇಳಿದ ಪೌಲ

ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 20:7–12

ಈ ಬೆಳಗ್ಗೆ ನಮ್ಮನ್ನು ಜೀವಂತವಾಗಿ, ಆರೋಗ್ಯವಾಗಿ ತನ್ನ ಸನ್ನಿಧಿಗೆ ಕರೆತಂದ ದೇವರಿಗೆ ಒಂದು ಸಾರಿ ಜೋರಾಗಿ ಚಪ್ಪಾಳೆ ತಟ್ಟಿ ಸ್ತೋತ್ರ ಹೇಳೋಣ. ಹಲ್ಲೆಲೂಯಾ!

ದಯವಿಟ್ಟು ಸತ್ಯವೇದ ತೆಗೆಯಿರಿ. ಮೊಬೈಲ್‌ನಲ್ಲಿ ಓದೋರು ಬೇರೆ ನೋಟಿಫಿಕೇಶನ್ ನೋಡದೆ ನೇರವಾಗಿ ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯಕ್ಕೆ ಬನ್ನಿ. ಏಳನೇ ವಚನದಿಂದ ಹನ್ನೆರಡರವರೆಗೆ ಮನಸ್ಸಿನಲ್ಲೇ ಓದಿಕೊಳ್ಳಿ. ನಾನು ಕಥೆಯನ್ನು ನನ್ನ ಮಾತಿನಲ್ಲಿ ಹೇಳ್ತೀನಿ.

ತ್ರೋವ ಎಂಬ ಪಟ್ಟಣ. ವಾರದ ಮೊದಲನೇ ದಿನ. ಮೇಲಂತಸ್ತಿನ ಒಂದು ಕೋಣೆಯಲ್ಲಿ ಸಭೆ ಕೂಡಿದೆ. ಪೌಲನು ಮರುದಿನ ಹೊರಡಬೇಕು, ಹಾಗಾಗಿ ಪ್ರಸಂಗ ಉದ್ದ ಆಯಿತು, ಮಧ್ಯರಾತ್ರಿ ಆಯಿತು. ಕೋಣೆ ತುಂಬಾ ದೀಪಗಳು. ಕಿಟಕಿಯಲ್ಲಿ ಯೂತಿಕ ಅನ್ನೋ ಒಬ್ಬ ಯೌವನಸ್ಥ ಕೂತಿದ್ದಾನೆ. ಕಣ್ಣು ಎಳೆಯಿತು, ಗಾಢ ನಿದ್ದೆ ಹತ್ತಿತು, ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತಿ ನೋಡಿದರೆ ಸತ್ತಿದ್ದಾನೆ. (ಸಭೆಯಲ್ಲಿ ನಗು) ನಗಬೇಡಿ, ಹಿಂದಿನ ಸಾಲಿನವರೇ! ರಾತ್ರಿ ಶಿಫ್ಟ್ ಮುಗಿಸಿ ಬಂದು ಕೂತಿರೋರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಯೂತಿಕ ನಿಮ್ಮ ಅಣ್ಣ.

ಆಗ ಪೌಲ ಏನು ಮಾಡಿದ? ಇದನ್ನು ಗಮನಿಸಿ. ಪ್ರಸಂಗ ನಿಲ್ಲಿಸಿದ. ಕೆಳಗೆ ಇಳಿದ. ಆ ಹುಡುಗನ ಮೇಲೆ ಬಾಗಿ ಅವನನ್ನು ತಬ್ಬಿಕೊಂಡ. ಗಾಬರಿಯಾಗಿದ್ದ ಜನರಿಗೆ ಧೈರ್ಯ ಹೇಳಿದ, ಅವನಲ್ಲಿ ಜೀವ ಇದೆ ಅಂತ ತಿಳಿಸಿದ. ಆಮೇಲೆ ಮತ್ತೆ ಮೇಲೆ ಹೋಗಿ ರೊಟ್ಟಿ ಮುರಿದು, ಬೆಳಗಾಗುವ ತನಕ ಮಾತಾಡಿದ. ಆ ಹುಡುಗನನ್ನು ಜೀವಂತವಾಗಿ ಮನೆಗೆ ಕರೆದುಕೊಂಡು ಹೋದರು.

ಪ್ರಿಯರೇ, ನಾವು ಈ ಭಾಗ ಓದಿದಾಗ ಅದ್ಭುತವನ್ನು ನೋಡ್ತೀವಿ. ಸರಿ, ನೋಡಲೇಬೇಕು. ಆದರೆ ಅದ್ಭುತ ಎಲ್ಲಿ ನಡೀತು? ದೀಪ ಉರಿಯುತ್ತಿದ್ದ ಮೇಲಿನ ಕೋಣೆಯಲ್ಲಿ ಅಲ್ಲ. ಕೆಳಗೆ, ಕತ್ತಲಲ್ಲಿ, ನೆಲದ ಮೇಲೆ. ಪೌಲನು ಮೇಲೆಯೇ ನಿಂತು, ಸಭೆಯೇ ಎದ್ದು ನಿಲ್ಲಿ, ಆ ಹುಡುಗನಿಗಾಗಿ ಪ್ರಾರ್ಥಿಸೋಣ ಅಂತ ಹೇಳಬಹುದಿತ್ತು. ಅವನು ಮೆಟ್ಟಿಲು ಇಳಿದ. ಪಕ್ಕದಲ್ಲಿ ಕೂತಿರೋರಿಗೆ ಹೇಳಿ: ಕೆಳಗೆ ಇಳಿ. (ಸಭೆ: ಕೆಳಗೆ ಇಳಿ!) ಇವತ್ತಿನ ಸಂದೇಶ ಇಷ್ಟೇ. ಆದರೆ ಇಳಿದ ಮೇಲೆ ಏನು ಮಾಡಬೇಕು ಅಂತ ಗೊತ್ತಿಲ್ಲದಿದ್ದರೆ ಇಳಿದೂ ಪ್ರಯೋಜನ ಕಮ್ಮಿ. ಆದ್ದರಿಂದ ಇವತ್ತು ನೋಟ್‌ಬುಕ್ ತೆಗೆಯಿರಿ.

ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡ್ತೀನಿ, ಯಾಕಂದ್ರೆ ಕೆಲವರ ಮನಸ್ಸಲ್ಲಿ ಅದು ಈಗಾಗಲೇ ಬಂದಿದೆ. ಪಾಸ್ಟರ್, ನಾವು ದೈವಿಕ ಸ್ವಸ್ಥತೆಯನ್ನು ನಂಬೋರು. ಆಂಬುಲೆನ್ಸ್‌ಗೆ ಫೋನ್ ಮಾಡೋದು ಅಪನಂಬಿಕೆ ಅಲ್ವಾ?

ಎರಡನೇ ಅರಸುಗಳು 20ನೇ ಅಧ್ಯಾಯ ನೋಡಿ. ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಬಿದ್ದಿದ್ದಾನೆ. ಗೋಡೆ ಕಡೆ ತಿರುಗಿ ಅಳುತ್ತಾ ಪ್ರಾರ್ಥನೆ ಮಾಡಿದ. ದೇವರು ಕೇಳಿದನು, 15 ವರ್ಷ ಆಯುಷ್ಯ ಕೂಡಿಸಿದನು. ಪ್ರಾರ್ಥನೆಗೆ ಉತ್ತರ ಬಂತು, ಮುಗೀತಲ್ಲ? ಇಲ್ಲ. ಅದೇ ಅಧ್ಯಾಯದಲ್ಲಿ ಪ್ರವಾದಿಯಾದ ಯೆಶಾಯನು ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಇಡಿಸಿದ. ಪ್ರವಾದನೆ ಹೇಳಿದ ಬಾಯೇ ಔಷಧವನ್ನೂ ಹೇಳಿತು. ಇನ್ನೊಂದು ವಿಷಯ. ಈ ಯೂತಿಕನ ಕಥೆ ಬರೆದವನು ಯಾರು? ಲೂಕ. ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅವನನ್ನು ಪ್ರಿಯ ವೈದ್ಯ ಅಂತಲೇ ಕರೆದಿದ್ದಾನೆ. ಈ ಅಧ್ಯಾಯದಲ್ಲಿ ಲೂಕ ‘ನಾವು’ ಅಂತ ಬರೀತಾನೆ, ಅಂದರೆ ಅವನೂ ಪೌಲನ ಜೊತೆ ಪ್ರಯಾಣದಲ್ಲಿದ್ದ. ದೇವರು ತನ್ನ ಅಪೊಸ್ತಲನ ಪಕ್ಕದಲ್ಲಿ ಒಬ್ಬ ವೈದ್ಯನನ್ನು ಇಟ್ಟಿದ್ದನು. ಪ್ರಾರ್ಥನೆ ಒಂದು ಕೈ, ಕೆಲಸ ಇನ್ನೊಂದು ಕೈ. ಎರಡು ಕೈ ಸೇರಿದರೇ ಚಪ್ಪಾಳೆ.

ಮೊದಲನೆಯದು: ಸಭೆಯ ಒಳಗೇ ಬಿದ್ದವನನ್ನು ನೋಡಿ

ನಾವು ಪೆಂತೆಕೊಸ್ತಿನವರು. ನಮ್ಮಲ್ಲಿ ಆರಾಧನೆ ಸಮಯದಲ್ಲಿ ಜನ ಬೀಳ್ತಾರೆ. ಆತ್ಮನ ಬಲದಲ್ಲಿ ಬಿದ್ದರು ಅಂತೀವಿ. ಮೇಲೆ ಒಂದು ಶಾಲು ಹೊದಿಸಿ ಮುಂದೆ ಹೋಗ್ತೀವಿ. ನಾನು ಕೇಳೋದು ಒಂದೇ. ಬಿದ್ದವರ ಹತ್ತಿರ ಹೋಗಿ ನೋಡಿ. ಭುಜ ತಟ್ಟಿ ಜೋರಾಗಿ ಕರೆಯಿರಿ: ಬ್ರದರ್, ಕೇಳಿಸ್ತಿದೆಯಾ? ಎದೆ ಏಳ್ತಾ ಇಳೀತಾ ಇದೆಯಾ ನೋಡಿ. ಹತ್ತು ಸೆಕೆಂಡ್ ಸಾಕು. ಪವಿತ್ರಾತ್ಮನು ಮುಟ್ಟಿದವನ ಭುಜ ತಟ್ಟಿದರೆ ಪವಿತ್ರಾತ್ಮನಿಗೆ ಬೇಸರ ಆಗೋದಿಲ್ಲ. ಆದರೆ ಹೃದಯ ನಿಂತವನ ಮೇಲೆ ಶಾಲು ಹೊದಿಸಿ ನಾವು ಹಾಡ್ತಾ ಇದ್ದರೆ?

ಪ್ರತಿಕ್ರಿಯೆ ಇದೆ, ಉಸಿರು ಸರಿಯಾಗಿದೆ, ನಿಂತೂ ನಿಂತೂ ತಲೆ ಸುತ್ತಿ ಬಿದ್ದಿದ್ದಾರೆ ಅಂದರೆ ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಸುತ್ತ ಗುಂಪು ಕಟ್ಟದೆ ಗಾಳಿ ಬಿಡಿ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಎಚ್ಚರ ಆಗುತ್ತೆ.

ಕರೆದರೂ ಮಾತಿಲ್ಲ, ಉಸಿರಿಲ್ಲ, ಅಥವಾ ಮೀನು ನೀರಿನಿಂದ ಹೊರಗೆ ಬಂದ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೀತಿದ್ದಾರೆ. ಕೇಳಿ, ಇದು ಉಸಿರಲ್ಲ. ತುಂಬಾ ಜನ ಇಲ್ಲೇ ಮೋಸ ಹೋಗ್ತಾರೆ, ಉಸಿರಾಡ್ತಿದ್ದಾರಲ್ಲ ಅಂತ ಕಾಯ್ತಾರೆ. ಇದು ಹೃದಯ ನಿಂತ ಗುರುತು. ಈಗ ನೀವು ಮಾಡಬೇಕಾದ್ದು ಎರಡು.

ಒಂದು, ಫೋನ್. ‘ಯಾರಾದ್ರೂ ಫೋನ್ ಮಾಡಿ’ ಅಂತ ಕೂಗಬೇಡಿ. ಯಾರಾದ್ರೂ ಅಂದರೆ ಯಾರೂ ಮಾಡೋದಿಲ್ಲ. ಬೆರಳು ತೋರಿಸಿ ಹೇಳಿ: ನೀಲಿ ಶರ್ಟ್ ಅಣ್ಣ, ನೀವು 108ಕ್ಕೆ ಫೋನ್ ಮಾಡಿ, ಸ್ಪೀಕರ್‌ನಲ್ಲಿ ಇಡಿ. ಕೆಂಪು ದುಪ್ಪಟ್ಟಾ ಸಿಸ್ಟರ್, ನೀವು ಗೇಟ್ ಹತ್ತಿರ ನಿಂತು ಆಂಬುಲೆನ್ಸ್‌ಗೆ ದಾರಿ ತೋರಿಸಿ. 108 ಸಿಗಲಿಲ್ಲ ಅಂದರೆ 112. ಫೋನ್‌ನಲ್ಲಿ ಮೊದಲು ಜಾಗ ಹೇಳಿ: ಏರಿಯಾ, ಅಡ್ಡರಸ್ತೆ, ಎಲ್ಲರಿಗೂ ಗೊತ್ತಿರೋ ಒಂದು ಗುರುತು. ಅಪಾರ್ಟ್‌ಮೆಂಟ್ ಆದರೆ ಲಿಫ್ಟನ್ನು ಒಬ್ಬರು ಕೆಳಗೆ ಹಿಡಿದಿಟ್ಟುಕೊಳ್ಳಲಿ. ಮಾಲ್, ಏರ್‌ಪೋರ್ಟ್, ದೊಡ್ಡ ಆಫೀಸುಗಳಲ್ಲಿ ಎಇಡಿ ಅನ್ನೋ ಯಂತ್ರ ಇರಬಹುದು, ಒಬ್ಬರನ್ನು ಅದನ್ನು ತರೋಕೆ ಕಳಿಸಿ. ಆನ್ ಮಾಡಿದರೆ ಏನು ಮಾಡಬೇಕು ಅಂತ ಅದೇ ಮಾತಾಡಿ ಹೇಳುತ್ತೆ.

ಎರಡು, ಕೈ. ಈಗ ಎಲ್ಲರೂ ನಿಮ್ಮ ಬಲಗೈ ನಿಮ್ಮ ಎದೆಯ ಮಧ್ಯಕ್ಕೆ ಇಡಿ. ಎಡಗಡೆ ಅಲ್ಲ, ಮಧ್ಯದ ಮೂಳೆಯ ಕೆಳ ಅರ್ಧ. ಅಲ್ಲೇ. ಬಿದ್ದವರನ್ನು ಗಟ್ಟಿ ನೆಲದ ಮೇಲೆ ಮಲಗಿಸಿ, ಅಂಗೈ ಬುಡವನ್ನು ಅಲ್ಲಿ ಇಟ್ಟು, ಇನ್ನೊಂದು ಕೈ ಮೇಲೆ ಹೆಣೆದು, ಮೊಣಕೈ ಬಗ್ಗಿಸದೆ, ನಿಮ್ಮ ಮೈಭಾರ ಬಿಟ್ಟು ಒತ್ತಬೇಕು. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರೋಕೆ ಬಿಡಬೇಕು. ನಿಮಿಷಕ್ಕೆ 100ರಿಂದ 120. ಎಷ್ಟು ಸ್ಪೀಡ್ ಗೊತ್ತಾ? ವರ್ಶಿಪ್ ಟೀಮ್, ನಮ್ಮ ವೇಗದ ಕೋರಸ್‌ನ ತಾಳ ಒಂದು ಸಲ ಕೊಡಿ. (ತಾಳ) ಎಲ್ಲರೂ ಚಪ್ಪಾಳೆ ತಟ್ಟಿ. ಸೆಕೆಂಡಿಗೆ ಸುಮಾರು ಎರಡು. ಇದೇ ವೇಗ! ಪ್ರತಿ ಭಾನುವಾರ ನೀವು ಸ್ತುತಿಗೆ ತಟ್ಟುವ ಈ ಕೈ ಒಬ್ಬನ ಹೃದಯಕ್ಕೆ ಬದಲಾಗಿ ಕೆಲಸ ಮಾಡಬಹುದು. ಹಲ್ಲೆಲೂಯಾ!

ಕೈ ಬೇಗ ಸೋಲುತ್ತೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸಿ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡೋದು ಕಲಿತಿಲ್ಲ ಅಂದರೂ ಪರವಾಗಿಲ್ಲ, ಒತ್ತುವುದನ್ನು ಮಾತ್ರ ನಿಲ್ಲಿಸಬೇಡಿ. ಪಕ್ಕೆಲುಬು ಮುರಿದರೆ ಅಂತ ಭಯ ಬೇಡ. ಮೂಳೆ ಕೂಡುತ್ತೆ. ಯಾಕೆ ಇಷ್ಟು ಅವಸರ ಅಂದರೆ, ಒತ್ತದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಸಿಯುತ್ತಾ ಹೋಗುತ್ತೆ. ಬೆಂಗಳೂರಿನ ಟ್ರಾಫಿಕ್ ನಿಮಗೆ ಗೊತ್ತು. ಆಂಬುಲೆನ್ಸ್ ಸಿಲ್ಕ್ ಬೋರ್ಡ್ ದಾಟಿ ಬರುವ ತನಕ ಆ ಮನುಷ್ಯನಿಗೆ ದೇವರು ಕೊಟ್ಟಿರೋ ಹೃದಯ ನಿಮ್ಮ ಎರಡು ಕೈ.

ಎರಡನೆಯದು: ದೆವ್ವ ಅಂತ ಹೆಸರಿಡುವ ಮುಂಚೆ ನೋಡಿ

ಇದು ಸ್ವಲ್ಪ ಕಷ್ಟದ ಮಾತು. ಸಭೆಯಲ್ಲಿ ಯಾರಾದರೂ ಬಿದ್ದು ಕೈಕಾಲು ಸೆಟೆದು, ನೊರೆ ಬಂದು ಒದ್ದಾಡಿದರೆ ಕೆಲವರು ತಕ್ಷಣ ಗದರಿಸೋಕೆ ಶುರು ಮಾಡ್ತಾರೆ. ನಾಲ್ಕು ಜನ ಹಿಡ್ಕೋತಾರೆ. ಪ್ರಿಯರೇ, ಮತ್ತಾಯ 4:24 ಓದಿ ನೋಡಿ. ಯೇಸುವಿನ ಬಳಿಗೆ ಕರೆತಂದವರ ಪಟ್ಟಿಯಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛೆರೋಗದವರು ಬೇರೆ, ಪಾರ್ಶ್ವವಾಯುವಿನವರು ಬೇರೆ. ಸುವಾರ್ತೆಯೇ ಬೇರೆ ಬೇರೆ ಹೇಳಿದ್ದನ್ನು ನಾವು ಯಾಕೆ ಒಂದು ಮಾಡ್ತೀವಿ? ನಮ್ಮ ಮಧ್ಯದಲ್ಲಿ ಫಿಟ್ಸ್ ಇರುವ ಸಹೋದರ ಸಹೋದರಿಯರು ಇದ್ದಾರೆ. ಮಾತ್ರೆ ತಗೊಂಡು, ಕೆಲಸಕ್ಕೆ ಹೋಗಿ, ದೇವರನ್ನು ಪ್ರೀತಿಸುವವರು. ಅವರಲ್ಲಿ ಎಷ್ಟೋ ಜನ ಸಭೆಗೆ ಬರೋಕೆ ಹೆದರುತ್ತಾರೆ. ಯಾಕೆ? ನಡುವೆ ಫಿಟ್ಸ್ ಬಂದರೆ ನನ್ನ ಮೇಲೆ ದೆವ್ವದ ಹೆಸರು ಬೀಳುತ್ತೆ ಅಂತ. ಇದು ನಮಗೆ ನಾಚಿಕೆ ಆಗಬೇಕಾದ ವಿಷಯ.

ಫಿಟ್ಸ್ ಬಂದವರನ್ನು ಅದುಮಿ ಹಿಡಿಯಬೇಡಿ. ಬಾಯಿಗೆ ಏನೂ ತುರುಕಬೇಡಿ, ಚಮಚ ಬೇಡ, ಬೆರಳು ಬೇಡ, ನೀರು ಬೇಡ. ಕೈಗೆ ಕಬ್ಬಿಣದ ಕೀಲಿಗೊಂಚಲು ಕೊಡೋದು, ಮೂಗಿಗೆ ಈರುಳ್ಳಿ ಹಿಡಿಯೋದು, ಚಪ್ಪಲಿ ಮೂಸಿಸೋದು, ಇವುಗಳಿಂದ ಫಿಟ್ಸ್ ನಿಲ್ಲೋದಿಲ್ಲ. ಅದು ತಾನಾಗಿ ನಿಲ್ಲುತ್ತೆ, ನಾವು ಕೀಲಿಗೆ ಮಹಿಮೆ ಕೊಡ್ತೀವಿ. ಕುರ್ಚಿ, ಗಿಟಾರ್, ಮೈಕ್ ಸ್ಟ್ಯಾಂಡ್ ದೂರ ಸರಿಸಿ. ತಲೆ ಕೆಳಗೆ ಮೆತ್ತಗಿರೋ ಏನಾದರೂ ಇಡಿ. ಕತ್ತಿನ ಹತ್ತಿರ ಬಟ್ಟೆ ಸಡಿಲಿಸಿ. ಗಡಿಯಾರ ನೋಡಿ. ಒದ್ದಾಟ ನಿಂತ ಮೇಲೆ ಉಸಿರು ಇದೆಯಾ ನೋಡಿ, ನಿಧಾನವಾಗಿ ಒಂದು ಮಗ್ಗುಲಿಗೆ ತಿರುಗಿಸಿ, ಎಂಜಲು ಹೊರಗೆ ಹರಿಯಲಿ. ಉಸಿರಿಲ್ಲ ಅಂದರೆ ಆಗಲೇ ಹೇಳಿದ ಹಾಗೆ ಎದೆ ಒತ್ತಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ, ಮೊದಲ ಸಲ ಬಂದಿದ್ದರೆ, ಗರ್ಭಿಣಿಯಾಗಿದ್ದರೆ, ಪೆಟ್ಟಾಗಿದ್ದರೆ, ಎಚ್ಚರ ಆಗದಿದ್ದರೆ 108. ಎಚ್ಚರ ಆದಾಗ ಅವರು ಮೊದಲು ಕೇಳಬೇಕಾದ ಮಾತು ಗದರಿಕೆ ಅಲ್ಲ. ‘ನೀವು ಚರ್ಚಲ್ಲಿದ್ದೀರಿ, ನಾನು ಪಕ್ಕದಲ್ಲೇ ಇದ್ದೀನಿ, ಹೆದರಬೇಡಿ.’ ಪೌಲ ಹೇಳಿದ್ದೂ ಇದೇ ತರಹದ್ದು ತಾನೇ?

ಮೂರನೆಯದು: ಹೊತ್ತನ್ನು ಗಮನಿಸಿ

ಒಂದು ಸಾಕ್ಷಿ ಹೇಳ್ತೀನಿ. ಒಂದು ಮನೆಯಲ್ಲಿ ಬುಧವಾರದ ಪ್ರಾರ್ಥನಾ ಕೂಟ. ಹಾಲ್ ತುಂಬಾ ಚಾಪೆ. ಮನೆಯ ಹಿರಿಯರು ಕೀರ್ತನೆ ಓದ್ತಾ ಇದ್ದರು. ಓದ್ತಾ ಓದ್ತಾ ಅಕ್ಷರಗಳು ತೊದಲಿದವು. ನಾವೆಲ್ಲ ತಲೆ ಬಗ್ಗಿಸಿ ಕೂತಿದ್ದೇವೆ. ನರ್ಸಿಂಗ್ ಓದುತ್ತಿದ್ದ ಒಬ್ಬ ತಂಗಿ ಮಾತ್ರ ತಲೆ ಎತ್ತಿದಳು. ಎದ್ದು ಹೋಗಿ, ಅಂಕಲ್, ಒಂದು ಸಲ ನಗಿ ಅಂದಳು. ಬಾಯಿ ಒಂದು ಕಡೆ ಜೋತಿತ್ತು. ಎರಡೂ ಕೈ ಎತ್ತಿ ಅಂದಳು. ಬಲಗೈ ಕೆಳಗೆ ಜಾರಿತು. ಅವಳು ಗೋಡೆ ಗಡಿಯಾರ ನೋಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: ಏಳೂ ನಲವತ್ತು. ಯಾರೋ ನೀರು ತಂದರು, ಅವಳು ಬೇಡ ಅಂದಳು. ಇನ್ಯಾರೋ ಎಣ್ಣೆ ತಂದು, ಪಾಸ್ಟರ್ ಅಭಿಷೇಕ ಮಾಡಿ ಅಂದರು. ನಾನು ಹಣೆಗೆ ಎಣ್ಣೆ ಮುಟ್ಟಿಸಿದೆ, ವಾಹನದ ಬಾಗಿಲು ತೆರೀತಿದ್ದಾಗಲೇ. ಪ್ರಾರ್ಥನೆ ದಾರಿ ಉದ್ದಕ್ಕೂ ನಡೀತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ: ಎಷ್ಟು ಗಂಟೆಗೆ ಶುರುವಾಯ್ತು? ಉತ್ತರ ಸಿದ್ಧವಿತ್ತು. ಇವತ್ತು ಆ ಹಿರಿಯರು ಕೋಲು ಹಿಡಿದಾದರೂ ತಮ್ಮ ಕಾಲಲ್ಲೇ ನಡೆದು ಸಭೆಗೆ ಬರ್ತಾರೆ. ಕರ್ತನಿಗೆ ಸ್ತೋತ್ರ!

ಗಡಿಯಾರ ಯಾಕೆ? ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಬರುವ ಸ್ಟ್ರೋಕ್‌ಗೆ ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಸ್ಕ್ಯಾನ್ ಮಾಡದೆ ಕೊಡೋಕೆ ಆಗೋದಿಲ್ಲ, ಹಾಗಾಗಿ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೇ ಹೋಗಬೇಕು. ನೆನಪಿಡಿ: ಮುಖ ಜೋತಿದೆಯಾ, ಕೈ ಜಾರುತ್ತಿದೆಯಾ, ಮಾತು ತೊದಲುತ್ತಿದೆಯಾ. ಒಂದು ಇದ್ದರೂ ಸಾಕು, ಗಡಿಯಾರ ನೋಡಿ ಹೊರಡಿ. ಬೆಳಗ್ಗೆ ತನಕ ನೋಡೋಣ, ಊರಲ್ಲಿ ನಾಟಿ ಔಷಧಿ ಕೊಡಿಸೋಣ ಅನ್ನಬೇಡಿ. ಹೊಟ್ಟೆಗೆ ಏನೂ ಕೊಡಬೇಡಿ, ಮಾತ್ರೆಯೂ ಬೇಡ.

ನೀರಿನ ವಿಷಯ ಇಲ್ಲೇ ಹೇಳಿಬಿಡ್ತೀನಿ. ಯಾರು ಬಿದ್ದರೂ ನೀರು ಕುಡಿಸೋದು ನಮ್ಮ ಕರುಣೆಯ ಮೊದಲ ಅಭ್ಯಾಸ. ಒಳ್ಳೆ ಮನಸ್ಸು. ಆದರೆ ಎಚ್ಚರ ಇಲ್ಲದವರ ಬಾಯಿಗೆ, ನುಂಗೋಕೆ ಆಗದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು.

ಇನ್ನು ಎದೆ. 2021ರ ಅಕ್ಟೋಬರ್ 29ನೇ ತಾರೀಕನ್ನು ಈ ನಾಡಿನಲ್ಲಿ ಯಾರೂ ಮರೆತಿಲ್ಲ. ಪುನೀತ್ ರಾಜ್‌ಕುಮಾರ್ ಅವರಿಗೆ ಆಗ ಬರೀ 46 ವರ್ಷ. ಆಮೇಲೆ ಎಷ್ಟೋ ಯುವಕರು ಹೃದಯ ತಪಾಸಣೆಗೆ ಸಾಲು ನಿಂತರು. ಆದರೆ ಇವತ್ತಿಗೂ ನಮ್ಮ ಮನೆಗಳಲ್ಲಿ ಎದೆ ಹಿಡಿದರೆ ಮೊದಲು ಬರೋ ಮಾತು: ಗ್ಯಾಸ್ಟ್ರಿಕ್. ಒಂದು ಲೋಟ ಸೋಡಾ, ಒಂದು ಚಿಟಿಕೆ ಓಮ. ಎದೆ ಮೇಲೆ ಭಾರ ಇಟ್ಟ ಹಾಗೆ ಒತ್ತಡ, ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು, ಉಸಿರುಗಟ್ಟುವುದು, ವಾಂತಿ ಬರುವ ಹಾಗೆ ಆಗುವುದು, ಇವು ಗ್ಯಾಸ್ ಅಂತ ತೀರ್ಮಾನಿಸೋಕೆ ನಾವು ಯಾರು? ಹೆಂಗಸರಲ್ಲಿ, ಶುಗರ್ ಇರೋರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. ಅವರನ್ನು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ, ಅವರೇ ಬೈಕ್ ಓಡಿಸಿಕೊಂಡು ಹೋಗೋಕೆ ಬಿಡಬೇಡಿ. ಒರಗಿ ಕೂರಿಸಿ, 108ಕ್ಕೆ ಫೋನ್ ಮಾಡಿ. ಮಾತ್ರೆ ವಿಷಯ ಫೋನ್‌ನಲ್ಲಿರೋರು ಅಥವಾ ವೈದ್ಯರು ಹೇಳಿದ ಹಾಗೆ. ನಿಮ್ಮ ಅಪ್ಪ ಅಮ್ಮ ಊರಲ್ಲಿದ್ದರೆ ಇದನ್ನೂ ತಿಳಿಸಿ: ಪುನೀತ್ ಅವರ ಹೆಸರಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ಶುರು ಮಾಡಿದೆ. ಅದರಡಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿರೋ ಹೃದಯತಜ್ಞರು ನೋಡಿ ಹೇಳ್ತಾರೆ, ಹೆಪ್ಪು ಕರಗಿಸೋ ಇಂಜೆಕ್ಷನ್ ಉಚಿತ. ಇವತ್ತು ಸಂಜೆ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಹೇಳಿ.

ಇನ್ನೊಂದು ನಮ್ಮದೇ ಕ್ಷೇತ್ರದ ವಿಷಯ: ಉಪವಾಸ ಪ್ರಾರ್ಥನೆ. ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಊಟ ಬಿಟ್ಟರೆ ಸಕ್ಕರೆ ಅಂಶ ಪಾತಾಳಕ್ಕೆ ಇಳಿಯಬಹುದು. ಕೈ ನಡುಕ, ಬೆವರು, ತಡೆಯಲಾಗದ ಹಸಿವು, ಆಮೇಲೆ ಸಂಬಂಧವಿಲ್ಲದ ಮಾತು, ಸಿಟ್ಟು. ನೋಡೋರು ಇದೇನೋ ಆತ್ಮಿಕ ಹೋರಾಟ ಅಂದ್ಕೋತಾರೆ. ಎಚ್ಚರ ಇದ್ದು ನುಂಗಬಲ್ಲರು ಅಂದರೆ ತಕ್ಷಣ ಮೂರು ಚಮಚ ಸಕ್ಕರೆ, ಇಲ್ಲವೇ ಸಿಹಿ ಜ್ಯೂಸ್. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಂದು ಸಲ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಿಗೆ ತಿರುಗಿಸಿ 108. ಶುಗರ್ ಇರೋರು ವೈದ್ಯರನ್ನು ಕೇಳದೆ ಉಪವಾಸ ಮಾಡಬೇಡಿ, ಇದು ನಿಮ್ಮ ಪಾಸ್ಟರ್ ಮಾತು. ಯೆಶಾಯ 58ರಲ್ಲಿ ದೇವರು ಮೆಚ್ಚುವ ಉಪವಾಸ ಯಾವುದು ಅಂತ ಓದಿ. ಅದು ಇನ್ನೊಬ್ಬನ ನೊಗ ಮುರಿಯುವುದು, ಹಸಿದವನಿಗೆ ರೊಟ್ಟಿ ಕೊಡುವುದು.

ನಾಲ್ಕನೆಯದು: ದಾರಿಯಲ್ಲಿ ಬಿದ್ದವನು

ಲೂಕ 10ನೇ ಅಧ್ಯಾಯ ಸಂಡೇ ಸ್ಕೂಲ್‌ನಿಂದ ಗೊತ್ತು. ಯೆರಿಕೋವಿನ ದಾರಿ, ಅರೆಜೀವವಾಗಿ ಬಿದ್ದವನು, ಪಕ್ಕಕ್ಕೆ ಸರಿದು ಹೋದ ಯಾಜಕ, ಲೇವಿಯ. ಅವರು ಕೆಟ್ಟವರು ಅಂತ ನಾನು ಹೇಳೋದಿಲ್ಲ. ಅವರಿಗೂ ಭಯ ಇತ್ತೇನೋ. ನಮ್ಮ ಭಯ ಯಾವುದು? ಪೊಲೀಸ್, ಕೋರ್ಟ್, ಆಸ್ಪತ್ರೆ ಬಿಲ್.

ಕೇಳಿ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಅಪಘಾತದಲ್ಲಿ ಸಹಾಯ ಮಾಡಿದವರನ್ನು ಕಾಪಾಡುವ ಮಾರ್ಗಸೂಚಿಗಳು ದೇಶಕ್ಕೆಲ್ಲ ಅನ್ವಯ ಅಂತ ಆದೇಶ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನೋ ಕಲಂ ಸೇರಿತು. ಒಳ್ಳೇ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಆ ಕಾರಣಕ್ಕೆ ಕೇಸ್ ಹಾಕುವಂತಿಲ್ಲ. ಹೆಸರು, ನಂಬರ್ ಕೊಡಲೇಬೇಕು ಅಂತ ಬಲವಂತ ಮಾಡುವಂತಿಲ್ಲ. ಸೇರಿಸಿದ ತಪ್ಪಿಗೆ ನಿಮ್ಮಿಂದ ಹಣ ಕಟ್ಟಿಸುವಂತಿಲ್ಲ. ಕಾನೂನು ನಿಮಗೆ ಇಟ್ಟಿರೋ ಹೆಸರೇನು ಗೊತ್ತಾ? ಗುಡ್ ಸಮಾರಿಟನ್. ಯೇಸು ಸ್ವಾಮಿ ಹೇಳಿದ ಸಾಮ್ಯದ ಹೆಸರು ಈ ದೇಶದ ಕಾನೂನು ಪುಸ್ತಕದಲ್ಲಿದೆ! ಆ ಸಾಮ್ಯ ಓದಿ ಬೆಳೆದ ನಾವೇ ಮೊಬೈಲ್ ಎತ್ತಿ ವೀಡಿಯೋ ತೆಗೆದು ಹೋದರೆ ಹೇಗೆ?

ಇಳಿಯುವ ಮುಂಚೆ ನಿಮ್ಮ ಗಾಡಿ ಪಕ್ಕಕ್ಕೆ ಹಾಕಿ, ಇಂಡಿಕೇಟರ್ ಹಾಕಿ, ಹಿಂದೆ ಬರೋ ವಾಹನ ನಿಲ್ಲಿಸೋಕೆ ಒಬ್ಬರನ್ನು ನಿಲ್ಲಿಸಿ. ನೀವೂ ಬಿದ್ದರೆ ಎತ್ತಬೇಕಾದವರು ಇಬ್ಬರಾಗ್ತಾರೆ. ರಕ್ತ ಸುರೀತಿದ್ದರೆ ಶುದ್ಧವಾದ ಬಟ್ಟೆ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ತೆಗೆದು ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಮೇಲೆ ಇನ್ನೊಂದು ಇಡಿ. ಉಸಿರಿಗೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ. ಕೈ ಕಾಲು ಹಿಡಿದು ಎತ್ತಿ ಆಟೋದಲ್ಲಿ ಮಡಚಿ ಹಾಕಬೇಡಿ, ಕುತ್ತಿಗೆ ಮೂಳೆಗೆ ಪೆಟ್ಟಾಗಿರಬಹುದು. ತಲೆ, ಕುತ್ತಿಗೆ ಅಲ್ಲಾಡದ ಹಾಗೆ ಹಿಡಿದು ಆಂಬುಲೆನ್ಸ್‌ಗೆ ಕಾಯಿರಿ. ಬೆಂಕಿಯೋ, ಲಾರಿಯೋ ಬರ್ತಿದ್ದರೆ ಮಾತು ಬೇರೆ. ಮೂರನೇ ಅಂತಸ್ತಿನಿಂದ ಬಿದ್ದವನನ್ನು ಪೌಲ ತಬ್ಬಿಕೊಂಡನಲ್ಲ ಅಂತ ನೀವೂ ತಬ್ಬಿಕೊಳ್ಳೋಕೆ ಹೋಗಬೇಡಿ! ಅವನು ಇಳಿದದ್ದನ್ನು ಕಲಿಯೋಣ. ಎತ್ತುವುದನ್ನು ಕಲಿತವರಿಗೆ ಬಿಡೋಣ.

ಕೊನೆಯದಾಗಿ: ಬದುಕಲಿಲ್ಲ ಅಂದರೆ?

ನಾನು ಇದನ್ನು ಹೇಳದೆ ಮುಗಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗೆ. ಎಲ್ಲ ಯೂತಿಕರೂ ಏಳೋದಿಲ್ಲ.

ನಮ್ಮ ಒಬ್ಬ ತಮ್ಮ, ಐಟಿಯಲ್ಲಿ ಕೆಲಸ. ರಾತ್ರಿ ಪಕ್ಕದ ಫ್ಲ್ಯಾಟ್‌ನಿಂದ ಕೂಗು ಕೇಳಿ ಓಡಿದ. ಆ ಮನೆಯ ಯಜಮಾನರು ನೆಲದ ಮೇಲೆ. ಇವನು ಮೊಣಕಾಲೂರಿ ಎದೆ ಒತ್ತಿದ. ಆಂಬುಲೆನ್ಸ್ ಬರುವ ತನಕ ಒತ್ತಿದ. ಅವರು ಉಳಿಯಲಿಲ್ಲ. ಮೂರು ದಿನ ಇವನು ಊಟ ಬಿಟ್ಟ. ನನ್ನ ಮುಂದೆ ಕೂತು ಒಂದೇ ಪ್ರಶ್ನೆ: ಪಾಸ್ಟರ್, ನಾನು ಸರಿಯಾಗಿ ಒತ್ತಲಿಲ್ವಾ? ನಾನು ಸರಿಯಾಗಿ ಪ್ರಾರ್ಥಿಸಲಿಲ್ವಾ?

ನಾನು ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಹೃದಯ ನಿಂತ ಮನುಷ್ಯನಿಗೆ ನೀನು ಹಾನಿ ಮಾಡೋಕೆ ಸಾಧ್ಯವಿರಲಿಲ್ಲ. ನೀನು ಅವನಿಗೆ ಒಂದು ಅವಕಾಶ ಕೊಟ್ಟೆ. ಫಲ ಕರ್ತನ ಕೈಯಲ್ಲಿದೆ, ಇಳಿಯುವುದು ಮಾತ್ರ ನಮ್ಮ ಕೈಯಲ್ಲಿದೆ. ಯೇಸು ಸ್ವಾಮಿ ಲಾಜರನ ಸಮಾಧಿಗೆ ಹೋಗುವಾಗ ಅತ್ತನು. ಅಳೋದು ಸೋಲಲ್ಲ. ಸ್ವಲ್ಪ ದಿನ ಆದ ಮೇಲೆ ಆ ಸಹೋದರಿ, ತೀರಿಹೋದವರ ಹೆಂಡತಿ, ಇವನ ಬಾಗಿಲು ತಟ್ಟಿದರು. ಅವರು ನಮ್ಮ ಸಭೆಯವರಲ್ಲ, ನಮ್ಮ ಧರ್ಮದವರೂ ಅಲ್ಲ. ಅವರು ಹೇಳಿದ್ದು ಇಷ್ಟೇ: ನಮ್ಮೋರನ್ನ ಯಾರೂ ಸುಮ್ನೆ ನಿಂತು ನೋಡ್ಲಿಲ್ಲ ಕಣಪ್ಪ, ನೀನು ಬಂದೆ. ಅಷ್ಟು ಸಾಕು.

ಪ್ರಿಯರೇ, ನಿಮ್ಮಲ್ಲಿ ಯಾರಾದರೂ ಇಂಥ ಒಂದು ರಾತ್ರಿಯನ್ನು ಹೊತ್ತುಕೊಂಡು ಬಂದಿದ್ದರೆ, ಆರಾಧನೆ ಮುಗಿದ ಮೇಲೆ ಹೋಗಬೇಡಿ, ನನ್ನ ಹತ್ತಿರ ಬನ್ನಿ. ಮಾತಾಡೋಣ.

ಈಗ ಕಣ್ಣು ಮುಚ್ಚಿ. ಕೀಬೋರ್ಡ್ ಮೆಲ್ಲಗೆ ಇರಲಿ. ಇವತ್ತು ನಾನು ಮುಂದಕ್ಕೆ ಕರೆಯೋದು ಕಣ್ಣೀರಿಗಲ್ಲ, ಕಲಿಯೋದಕ್ಕೆ. ಮುಂದಿನ ಭಾನುವಾರ ಆರಾಧನೆ ಆದ ಮೇಲೆ ಒಂದು ಗಂಟೆ, ನಮ್ಮ ಸಭೆಯ ನರ್ಸ್ ಸಹೋದರಿಯರು ಬೊಂಬೆಯ ಮೇಲೆ ಎದೆ ಒತ್ತುವುದನ್ನು ಕಲಿಸ್ತಾರೆ. ಓದಿದ್ದು ಕೈಗೆ ಬರಬೇಕಾದರೆ ಮಾಡಿಯೇ ನೋಡಬೇಕು. ಅಷರ್‌ಗಳು ಎಲ್ಲರೂ ಇರಲೇಬೇಕು. ಬರ್ತೀನಿ ಅನ್ನೋರು ಕೈ ಎತ್ತಿ. ಎತ್ತಿದ ಕೈ ಹಾಗೇ ಇರಲಿ, ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ಈ ಕೈಗಳನ್ನು ನೋಡು. ಲ್ಯಾಪ್‌ಟಾಪ್ ಹಿಡಿಯುವ ಕೈ, ಬೈಕ್ ಓಡಿಸುವ ಕೈ, ನಿನ್ನನ್ನು ಸ್ತುತಿಸುವ ಕೈ. ಯಾರಾದರೂ ಬಿದ್ದ ದಿನ ಈ ಕೈಗಳು ಜೇಬಿನಲ್ಲಿ ಇರದಿರಲಿ. ಗಾಬರಿಯಲ್ಲಿ ನಮಗೆ ಸಮಾಧಾನ ಕೊಡು, ಕಲಿತದ್ದನ್ನು ನೆನಪಿಗೆ ತಾ. ಫಿಟ್ಸ್ ಇರುವ ನಿನ್ನ ಮಕ್ಕಳು ಈ ಸಭೆಯಲ್ಲಿ ನಿರ್ಭಯವಾಗಿ ಕೂರಲಿ. ರಾತ್ರಿ ಹಗಲು ಓಡುವ ಆಂಬುಲೆನ್ಸ್ ಚಾಲಕರನ್ನು, ನರ್ಸ್‌ಗಳನ್ನು, ವೈದ್ಯರನ್ನು ಬಲಪಡಿಸು. ನೆರವಾದರೂ ಕಳೆದುಕೊಂಡವರನ್ನು ಸಂತೈಸು. ಮೇಲಿನ ಕೋಣೆಯ ಬೆಳಕನ್ನು ಕೆಳಗಿನ ಬೀದಿಗೆ ಒಯ್ಯುವ ಸಭೆಯಾಗಿ ನಮ್ಮನ್ನು ಮಾಡು. ನಿನ್ನ ಮಗನಾದ ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಹೋಗುವ ಮುಂಚೆ ಒಂದು ಕೆಲಸ. ಮೊಬೈಲ್ ತೆಗೆಯಿರಿ. 108, 112 ಎರಡನ್ನೂ ಸೇವ್ ಮಾಡಿ. ನಿಮ್ಮ ಪಿಜಿ, ನಿಮ್ಮ ಆಫೀಸಿನ ಹತ್ತಿರ ರಾತ್ರಿಯೂ ತೆರೆದಿರೋ, ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ದೇವರು ನಿಮ್ಮನ್ನು ಆಶೀರ್ವದಿಸಲಿ.